ಒಬ್ಬಳೇ ಕೂರಿಸಬಹುದಾದ ಕಾರು

ಬೆಳಕು ಹರಿಯುವ ಮೊದಲು ಅತ್ತೆಯ ಮಗ್ಗುಲು ಬದಲಿಸಬೇಕು. ಅಡಿಯ ಬಟ್ಟೆ ಎಳೆದು ತೆಗೆದು, ಬಿಸಿನೀರಿನಲ್ಲಿ ಮೈ ಒರೆಸಿ, ಸೊಂಟದ ಹಿಂದೆ ಕೆಂಪಾದ ಜಾಗ ನಿನ್ನೆಗಿಂತ ದೊಡ್ಡದಾಗಿದೆಯೋ ಎಂದು ಟಾರ್ಚು ಹಿಡಿದು ನೋಡಿ, ಪೌಡರು ಹಾಕಿ, ಒಣ ಬಟ್ಟೆ ಹಾಸಬೇಕು. ತೆಗೆದ ಬಟ್ಟೆಯನ್ನು ಹಿತ್ತಲಿನಲ್ಲಿ ನೆನೆಹಾಕಬೇಕು. ಮನೆಯಲ್ಲಿ ವಾಷಿಂಗ್ ಮೆಷಿನು ಇದೆ, ಆದರೆ ಈ ಬಟ್ಟೆಯನ್ನು ಅದಕ್ಕೆ ಹಾಕಬಾರದೆಂದು ನಾದಿನಿ ಹೇಳಿದ್ದಾಳೆ. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಒಲೆ ಮೊದಲು. ಅಕ್ಕಿ ಕುದಿ ಬರುವಷ್ಟರಲ್ಲಿ ಪಂಪು ಹಾಕಿ ಟ್ಯಾಂಕು ತುಂಬಿಸಿ, ಅಂಗಳ ಗುಡಿಸಿ, ಬಿದ್ದ ತೆಂಗಿನ ಮಡಲನ್ನು ಬದಿಗೆ ಎಳೆದು, ಕಾಯಿ ತುರಿದು, ದೋಸೆಗೆ ತಿರುವಿ, ಮಗಳು ಮೋಕ್ಷಾಳ ಡಬ್ಬಿ ತುಂಬಿಸಿ, ಅವಳನ್ನು ಎರಡು ಸಲ ಕೂಗಿ ಎಬ್ಬಿಸಬೇಕು. ಗಂಜಿಯನ್ನು ಸೌಟಿನಿಂದ ನುರಿದು ಅತ್ತೆಗೆ ಚಮಚದಲ್ಲಿ ಕುಡಿಸಬೇಕು; ಎಡಗಡೆ ತುಟಿಯಿಂದ ಸುರಿಯುವುದನ್ನು ಇನ್ನೊಂದು ಕೈಯಿಂದ ಒರೆಸುತ್ತಿರಬೇಕು. ನಡುವೆ ಎಲ್ಲಾದರೂ ಬಿಡುವು ಸಿಕ್ಕಿದರೆ ಹಿಂದಿನ ದಿನ ಹೊಲಿದ ರವಿಕೆಗಳಿಗೆ ಹುಕ್ಕು ಹಚ್ಚಬೇಕು. ಮಂಗಳವಾರ, ಶುಕ್ರವಾರಗಳಲ್ಲಿ ಇದರ ಮೇಲೆ ಇನ್ನೊಂದು: ಮಲಗಿದ್ದವಳಿಗೆ ಸೀರೆ ಉಡಿಸುವುದು. ಮಣಿಪಾಲದ ಆಸ್ಪತ್ರೆಗೆ ನೈಟಿಯಲ್ಲಿ ಹೋಗಲು ಅತ್ತೆ ದೇಜಕ್ಕ ಒಪ್ಪುವವಳಲ್ಲ.

ಇಷ್ಟಾದ ಮೇಲೆ ಕಾಪುವಿನ ಆ ಮನೆಯಲ್ಲಿ ಬೆಳಗಾಗುತ್ತಿತ್ತು.

ದೇಜಕ್ಕನ ಎಡಭಾಗ ಬಿದ್ದುಹೋಗಿ ಎರಡು ಮಳೆಗಾಲ ಕಳೆದಿದ್ದವು. ವಾರಕ್ಕೆರಡು ಸಲ ಮಣಿಪಾಲದಲ್ಲಿ ವ್ಯಾಯಾಮದ ಚಿಕಿತ್ಸೆ. ರೊಸಾರಿಯೊನ ಬಾಡಿಗೆ ವ್ಯಾನು ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಹಿಂದಿನ ತೋಟದ ಶೆಡ್ಡಿನಿಂದ ರೇಣುಕವ್ವ ಬರುತ್ತಿದ್ದಳು. ಅವಳ ಗಂಡ ಬಾಲಪ್ಪ ನಂದಿಕೂರಿನಲ್ಲಿ ಏಳುತ್ತಿದ್ದ ವಿದ್ಯುತ್ ಸ್ಥಾವರಕ್ಕೆ ಕಬ್ಬಿಣ ಕಟ್ಟುವ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದವನು. ರೇಣುಕವ್ವ ಹಿಂದಿನಿಂದ ದೇಜಕ್ಕನ ಕಂಕುಳಿಗೆ ಕೈಹಾಕುವಳು, ಸೊಸೆ ಪ್ರಫುಲ್ಲಾ ಮಂಡಿಗಳ ಅಡಿಗೆ. "ಹೂಂ ಅನ್ರಿ ಅಕ್ಕಾರ" ಎಂದು ರೇಣುಕವ್ವ ಹೇಳಬೇಕು, "ಹೂಂ" ಎಂದು ಪ್ರಫುಲ್ಲಾ ಹೇಳಬೇಕು, ಆ ಹೂಂನಲ್ಲಿ ಇಬ್ಬರೂ ಒಟ್ಟಿಗೆ ಎತ್ತಬೇಕು. ಹಾಗೆ ಎತ್ತಿದರೆ ದೇಜಕ್ಕನಿಗೆ ನೋವಿಲ್ಲ. ಒಬ್ಬರ ಹೂಂ ಹಿಂದೆಮುಂದೆ ಆದರೆ ಅವಳ ಬಿದ್ದುಹೋದ ಭುಜ ಜಗ್ಗಿ, ಬಾಯಿಯಿಂದ ಪ್ರಾಣಿಯಂಥ ಸದ್ದೊಂದು ಬರುತ್ತಿತ್ತು. ಮಣಿಪಾಲದವರೆಗೆ ರೇಣುಕವ್ವ ಜೊತೆಗಿರುತ್ತಿದ್ದಳು. ದಾರಿಯುದ್ದಕ್ಕೂ ಮಾತು: ಶೆಡ್ಡಿನ ಜಗಳ, ಬಾಲಪ್ಪನ ಕುಡಿತ, ಊರಲ್ಲಿ ಬಿಟ್ಟುಬಂದ ಎಮ್ಮೆ. ಪ್ರಫುಲ್ಲಾಳಿಗೆ ಆ ವಾರದಲ್ಲಿ ಮನೆಯ ಕೆಲಸಕ್ಕೆ ಸಂಬಂಧಪಡದ ಮಾತು ಕೇಳಸಿಗುತ್ತಿದ್ದದ್ದು ಅಷ್ಟೇ.

ಹೆಣ್ಣಿನ ಕಡೆಯಿಂದ ಮನೆ ಎಣಿಸುವ ಅಳಿಯಸಂತಾನದ ಜನ ಇವರು. ದೇಜಕ್ಕನ ಮನೆ ಮುಂದೆ ಸೇರಬೇಕಾದದ್ದು ಮಗಳು ಜಲಜಾಕ್ಷಿಗೆ. ಅದನ್ನು ಎಲ್ಲರೂ ಬಲ್ಲರು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಮನೆಯ ಕೆಲಸ ಮಾತ್ರ ಯಾರೂ ಎಣಿಸದೆ ಸೊಸೆಗೆ ಸೇರಿತ್ತು. ಜಲಜಾಕ್ಷಿ ಇದ್ದದ್ದು ಕಾರ್ಕಳದಲ್ಲಿ, ಗಂಡ ತಾರಾನಾಥನ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮನೆಯಲ್ಲಿ. ತಿಂಗಳಿಗೊಮ್ಮೆ ಬಂದು ತಾಯಿಯ ಉಗುರು ಕತ್ತರಿಸಿ, ತಲೆ ಬಾಚಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದಳು.

ಪ್ರಫುಲ್ಲಾಳ ಗಂಡ ಸುಂದರ ದೋಹಾದಲ್ಲಿ ಕಾರುಗಳ ವರ್ಕ್‌ಶಾಪಿನ ಫೋರ್‌ಮನ್. ಕೆಟ್ಟವನಲ್ಲ. ರಜೆಗೆ ಬಂದಾಗಲೆಲ್ಲ ಮನೆಗೊಂದು ಯಂತ್ರ ತರುತ್ತಿದ್ದ. ಹೆಂಡತಿಯ ಕಷ್ಟ ಕಡಿಮೆಯಾಗಲಿ ಎಂದೇ ತರುತ್ತಿದ್ದ. ಮಿಕ್ಸಿ ಬಂದ ವರ್ಷ, ಅರೆಯಲು ಬರುತ್ತಿದ್ದ ಮುದುಕಿ ಕೊರಪೊಲುವನ್ನು "ಇನ್ನು ಎಂತಕ್ಕೆ?" ಎಂದು ಬಿಡಿಸಲಾಯಿತು. ಕೊರಪೊಲು ಅರೆಯುವುದರ ಜೊತೆಗೆ ಮೀನು ಹೆಚ್ಚುತ್ತಿದ್ದಳು, ಹಿತ್ತಲು ಗುಡಿಸುತ್ತಿದ್ದಳು. ಮಿಕ್ಸಿ ಆ ಕೆಲಸ ಮಾಡಲಿಲ್ಲ. ದೊಡ್ಡ ಗ್ರೈಂಡರು ಬಂದಾಗ, ಕಾರ್ಕಳದ ಮನೆಯ ಕಾರ್ಯಕ್ರಮಗಳಿಗೂ ಇಡ್ಲಿಹಿಟ್ಟು ಕಾಪುವಿನಿಂದಲೇ ಹೋಗತೊಡಗಿತು. ವಾಷಿಂಗ್ ಮೆಷಿನು ಬಂದ ಮೇಲೆ ಜಲಜಾಕ್ಷಿ ತನ್ನ ಚಾದರಗಳನ್ನು ಗಂಟುಕಟ್ಟಿ ತಂದಳು. "ಮೆಷಿನೇ ಒಗೆಯುವುದಲ್ವಾ ಅತ್ತಿಗೆ, ನೀವು ಎಂತ ಮಾಡ್ಲಿಕ್ಕುಂಟು?" ಎಂದಳು. ಬಾಯಿಂದ ಬಾಯಿಗೆ ಸಾಗಿ ಬಂದ ಆ "ಎಂತ ಮಾಡ್ಲಿಕ್ಕುಂಟು" ಎಂಬ ಮಾತು ಪ್ರಫುಲ್ಲಾಳ ಬೆನ್ನ ಮೇಲೆ ಒಂದೊಂದೇ ಹೊರೆಯಾಗಿ ಕೂತಿತ್ತು. ಕಾಪು ಪೇಟೆಯ ಮಹಡಿಯಲ್ಲಿ ಎರಡು ಹೊಲಿಗೆ ಮೆಷಿನುಗಳ ಅವಳ ಅಂಗಡಿಯೊಂದಿತ್ತು. ಅಲ್ಲಿ ಕೂತ ಮೂರ್ನಾಲ್ಕು ತಾಸು ಯಾರೂ ಅವಳನ್ನು ಕೂಗುವುದಿಲ್ಲ. ಮೆಷಿನುಗಳಲ್ಲಿ ಅವಳದೇ ಎನ್ನಬಹುದಾದವು ಅವೆರಡೇ.

ಎರಡು ಸಾವಿರದ ಎಂಟನೆಯ ಇಸವಿ, ಮಳೆ ನಿಂತ ಮೇಲೆ, ಸುಂದರ ರಜೆಗೆ ಬಂದ. ಸೂಟ್‌ಕೇಸು ಬಿಚ್ಚುವ ಮೊದಲೇ ಹೇಳಿದ:

"ಈ ಸಲ ಕಾರು. ನಿನಗೆ ಅಂತಲೇ. ದಿನಾ ಓಡಿಸುವ ಕಾರು."

ಅವಳಿಗೆ ಲೈಸೆನ್ಸು ಇತ್ತು. ರೊಸಾರಿಯೊ ಎಲ್ಲೂರು ರಸ್ತೆಯಲ್ಲಿ ತನ್ನ ವ್ಯಾನಿನಲ್ಲೇ ಕಲಿಸಿದ್ದ. ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಬಾಡಿಗೆಗೆ ಕಾಯುವುದು ಬೇಡ, ಮಣಿಪಾಲದಿಂದ ಬೇಗ ಬಂದರೆ ಅಂಗಡಿ ತೆರೆಯಬಹುದು ಎಂದು ಮನಸ್ಸಿನಲ್ಲೇ ಲೆಕ್ಕಹಾಕಿದಳು.

ದಿನಾ ಓಡಿಸುವ ಕಾರು ಎಂದಮೇಲೆ ಅದು ಸಾಧು ಕಾರು ಆಗಿರುತ್ತದೆ ಎಂದು ಅವಳು ತಿಳಿದಿದ್ದಳು. ಸುಂದರನ ಕಣ್ಣು ಬಿದ್ದಿದ್ದದ್ದು ಬೇರೆಯದರ ಮೇಲೆ. ಗಿಡ್ಡ ದೇಹ, ಮೊಂಡು ಹಿಂಭಾಗ, ಆದರೆ ಒಳಗೆ ಆ ದೇಹಕ್ಕೆ ಅಳತೆಮೀರಿದ ಎಂಜಿನ್ನು. "ಹಾಟ್ ಹ್ಯಾಚ್ ಹೇಳ್ತಾರೆ ಇದಕ್ಕೆ" ಎಂದು ಅವನು ವಿವರಿಸಿದ. "ಹೊರಗಿಂದ ನೋಡಿದ್ರೆ ಪಾಪದ ಮಾಸ್ಟ್ರ ಕಾರು. ಒಳಗೆ ಕಂಬಳದ ಕೋಣ." ವರ್ಕ್‌ಶಾಪಿನಲ್ಲಿ ಹಗಲೆಲ್ಲ ಇತರರ ವೇಗದ ಕಾರುಗಳ ಅಡಿಯಲ್ಲಿ ಅಂಗಾತ ಮಲಗಿ ಕೆಲಸ ಮಾಡಿದವನಿಗೆ ಅಂಥದೊಂದರ ಮೇಲೆ ಕೂರುವ ಆಸೆ. ಅದು ಪ್ರಫುಲ್ಲಾಳಿಗೆ ಅರ್ಥವಾಗುತ್ತಿತ್ತು.

ಅಂಥವು ಎರಡು, ಉಡುಪಿಯಲ್ಲಿ ಹೆದ್ದಾರಿಯ ಆಚೆಗೊಂದು ಈಚೆಗೊಂದು ಶೋರೂಮಿನಲ್ಲಿ ನಿಂತಿದ್ದವು. ಅವುಗಳ ಹೆಸರು ಪ್ರಫುಲ್ಲಾಳ ಬಾಯಿಗೆ ಹೊಂದಲಿಲ್ಲ. ಒಂದನ್ನು ಕೆಂಪು ಎಂದಳು, ಇನ್ನೊಂದನ್ನು ಬೂದು ಎಂದಳು. ಕ್ರಮೇಣ ಮನೆಯವರೆಲ್ಲ ಹಾಗೇ ಕರೆದರು. ಸುಂದರನಿಗೆ ಕೆಂಪು. ತಾರಾನಾಥ ಬೂದಿನ ಪಕ್ಷ.

"ಬೂದಿಗೆ ಮೈಲೇಜ್ ಉಂಟು ಭಾವ. ಪಿಕಪ್ಪೂ ಕಡಿಮೆ ಅಲ್ಲ."

"ಪಿಕಪ್ಪಿನ ವಿಷಯ ನನ್ನ ಹತ್ರ ಮಾತಾಡ್ಬೇಡ ಮಾರಾಯ. ಕೆಂಪು ಮೂರನೇ ಗೇರಿಗೆ ಬಂದಾಗ ಸೀಟು ಬೆನ್ನಿಗೆ ಒದೀತದೆ. ನೀನು ಸಿಮೆಂಟಿನ ಗೋಣಿ ತೂಗುವವ, ನಿನಗೆಂತ ಗೊತ್ತು?"

"ಸಿಮೆಂಟಿನ ಗೋಣಿಗೆ ಡಿಕ್ಕಿ ಬೇಕು. ಅದೂ ಬೂದಿಗೇ ದೊಡ್ಡದು."

ಹೀಗೆ ಚಾವಡಿಯಲ್ಲಿ ರಾತ್ರಿಯೂಟದವರೆಗೂ ನಡೆಯುತ್ತಿತ್ತು. ಪ್ರಫುಲ್ಲಾ ಮೀನು ಹುರಿದು ಹುರಿದು ತಂದಿಡುತ್ತಿದ್ದಳು. ಅವಳನ್ನು ಒಂದೇ ಒಂದು ಕೇಳಿದರು: ಬಣ್ಣ ಬೇರೆ ಬೇಕಾ?

ಒಂದು ದಿನ ಎಲ್ಲರೂ ಉಡುಪಿಗೆ ಹೋದರು. ಮೊದಲು ಕೆಂಪು. ಗಂಡಸರು ಬಾನೆಟ್ಟು ಎತ್ತಿಸಿ ಅದರೊಳಗೆ ತಲೆ ತೂರಿಸಿದರು. ಪ್ರಫುಲ್ಲಾ ಎಡಗಡೆಯ ಮುಂದಿನ ಬಾಗಿಲು ತೆರೆದು, ಸೀಟಿಗೆ ಬೆನ್ನು ಹಾಕಿ ನಿಂತಳು. ಆಮೇಲೆ ತನ್ನ ಎಡಗಾಲನ್ನು ಸತ್ತದ್ದೆಂದು ಭಾವಿಸಿದಳು. ಎಡಗೈ ಜೋತುಬಿಟ್ಟಳು. ಬಲಗಾಲ ಮೇಲೆ ಮೈಭಾರ ಹಾಕಿ, ಎರಡು ವರ್ಷದಿಂದ ತಾನು ದಿನಾ ನೋಡುತ್ತ ಬಂದ ಹಾಗೆಯೇ ಕುಸಿದು ಕೂತಳು. ಸೀಟು ಎಲ್ಲೋ ಪಾತಾಳದಲ್ಲಿ ಸಿಕ್ಕಿತು. ಸಿಗುವ ಮೊದಲು ತಲೆಯ ಹಿಂಭಾಗ ಚಾವಣಿಯ ಅಂಚಿಗೆ ಬಡಿಯಿತು. ಏಳಲು ನೋಡಿದಳು. ಬಲಗಾಲೊಂದರಿಂದ ಆಗಲಿಲ್ಲ. ಡ್ರೈವರ್ ಸೀಟಿನಿಂದ ಒಬ್ಬರು ಒಳಗೆ ಎಳೆದುಕೊಳ್ಳಬೇಕು, ಹೊರಗಿನಿಂದ ಒಬ್ಬರು ಮಂಡಿ ಹಿಡಿದು ತಳ್ಳಬೇಕು. ಇಳಿಸುವಾಗ ಅದೇ ತಿರುಗಿ. ಇಬ್ಬರಿದ್ದರೆ ಏನೂ ತೊಂದರೆಯಿಲ್ಲ. ಒಬ್ಬಳಿಂದ ಸಾಧ್ಯವೇ ಇಲ್ಲ.

"ಎಂತ ಮಾರಾಯ್ತಿ, ಕಾರಿನೊಳಗೆ ಯೋಗ ಮಾಡ್ತಾ ಇದ್ದೀಯಾ?" ಸುಂದರ ಬಾನೆಟ್ಟಿನಾಚೆಯಿಂದ ಕೂಗಿದ. ಶೋರೂಮಿನ ಹುಡುಗರೂ ನಕ್ಕರು. ಅವಳು ಸೀರೆ ಸರಿಮಾಡಿಕೊಂಡು ಎದ್ದಳು.

ಬೂದು ಕಾರಿನ ಶೋರೂಮಿನಲ್ಲಿ ಆಂಜೆಲಾ ಎಂಬ ಹುಡುಗಿ ಇದ್ದಳು. ಕುತ್ತಿಗೆಗೆ ನೀಲಿ ಸ್ಕಾರ್ಫು, ಕೈಯಲ್ಲಿ ಬ್ರೋಷರು. ಪ್ರಫುಲ್ಲಾ ಇಲ್ಲೂ ಎಡಗಾಲು ಕೊಂದು ಕೂತು ನೋಡಿದಳು. ಸೀಟು ಸೊಂಟದ ಮಟ್ಟಕ್ಕೇ ಇತ್ತು. ಸರಿಯಾಗಿ ಖಾತ್ರಿಯಾಗಲೆಂದು ಆಂಜೆಲಾಳನ್ನು ಕೇಳಿದಳು:

"ನೀನು ಒಂದು ನಿಮಿಷ ನನ್ನ ಅತ್ತೆ ಆಗ್ತೀಯಾ?"

"ಆಂ?"

"ಎಡಭಾಗ ಇಲ್ಲ ಅವರಿಗೆ. ನೀನು ಸುಮ್ಮನೆ ಜೋತುಬೀಳು. ಸಹಾಯ ಮಾಡ್ಬೇಡ."

ಆಂಜೆಲಾ ನಗುತ್ತ ಜೋತುಬಿದ್ದಳು. ಪ್ರಫುಲ್ಲಾ ಅವಳನ್ನು ಎದೆಗಾನಿಸಿಕೊಂಡು, ತನ್ನ ಮಂಡಿಯಿಂದ ಅವಳ ಮಂಡಿಗೆ ತಡೆಕೊಟ್ಟು, ಒಂದು ಸುತ್ತು ತಿರುಗಿಸಿ ಸೀಟಿಗೆ ಇಳಿಸಿದಳು. ಕಾಲುಗಳನ್ನು ಒಂದೊಂದಾಗಿ ಒಳಗಿಟ್ಟಳು. ಬೆಲ್ಟು ಹಾಕಿದಳು. ಆಂಜೆಲಾಳ ನಗು ಅರ್ಧದಲ್ಲೇ ನಿಂತುಹೋಗಿತ್ತು.

"ಅಕ್ಕ, ನೀವು ದಿನಾ ಹೀಗೆ ಮಾಡ್ತೀರಾ?"

"ವ್ಯಾನಿಗೆ ಇಬ್ಬರು ಬೇಕು. ಇದಕ್ಕೆ ಒಬ್ಬಳು ಸಾಕು."

"ಹಾಗಾದ್ರೆ ಇದನ್ನೇ ತಕ್ಕೊಳ್ಳಿ ಅಕ್ಕ! ನಿಮಗೆ ಎಷ್ಟು ಸುಲಭ ಆಯ್ತು ನೋಡಿ."

ಸುಲಭ ಆಯಿತು, ನಿಜ. ಆಮೇಲೆ ಅವಳು ಅದನ್ನು ಕಲ್ಯಾಣಪುರದವರೆಗೆ ಓಡಿಸಿಯೂ ನೋಡಿದಳು. ಕ್ಲಚ್ಚು ಮೆತ್ತಗೆ, ಗೇರು ಬೆರಳಿಗೆ ಬರುತ್ತಿತ್ತು, ಮುಂದಿನ ಲಾರಿಯನ್ನು ದಾಟಬೇಕು ಎಂದು ಮನಸ್ಸು ಅನ್ನುವಷ್ಟರಲ್ಲಿ ಕಾರು ದಾಟಿಯಾಗಿತ್ತು. ಅವಳು ತುಟಿ ಕಚ್ಚಿಕೊಂಡು ನಕ್ಕಳು. ಕೆಂಪನ್ನು ಓಡಿಸಿದಾಗ ಹೀಗಾಗಿರಲಿಲ್ಲ. ಅದು ಒದ್ದಾಡುವ ಕರುವಿನ ಹಾಗೆ ಕೈ ಜಗ್ಗಿತ್ತು. ಅವಳ ಕೈಕಾಲಿಗೆ ಹೊಂದಿದ್ದು ಬೂದು.

ಗಂಡಸರು ದೇಜಕ್ಕನನ್ನು ಕೂರಿಸಿ ನೋಡದೆ ಇರಲಿಲ್ಲ. ತಾಯಿಗಾಗಿಯೂ ಅಲ್ಲವೇ ಕಾರು ಎಂದು ಸುಂದರ ಎರಡು ಶೋರೂಮಿನವರನ್ನೂ ಒಪ್ಪಿಸಿ ಕಾರುಗಳನ್ನು ಕಾಪುವಿಗೆ ತರಿಸಿದ. ಒಂದೇ ಭಾನುವಾರ, ಅಂಗಳದಲ್ಲಿ ಎರಡೂ. ನೆರೆಮನೆಯವರು ಬೇಲಿಯ ಬಳಿ ನಿಂತು ನೋಡಿದರು. ಸುಂದರ ಹೊರಗಿನಿಂದ, ತಾರಾನಾಥ ಡ್ರೈವರ್ ಸೀಟಿನಿಂದ, ನಡುವೆ ದೇಜಕ್ಕ ಹೂವಿನ ಹಾಗೆ ತೇಲಿ ಕೆಂಪು ಕಾರಿನೊಳಗೆ ಹೋದಳು. ಬೂದಿಗೂ ಹಾಗೆಯೇ ಹೋದಳು. ಜಲಜಾಕ್ಷಿ ಸೆರಗು ಸರಿಮಾಡಿ, ಹಣೆಗೆ ಕುಂಕುಮ ತೀಡಿದಳು. ಮೋಕ್ಷಾ ಅಪ್ಪನ ಹೊಸ ಕ್ಯಾಮೆರಾದಲ್ಲಿ ಫೋಟೋ ತೆಗೆದಳು.

"ನೋಡು, ಎರಡರಲ್ಲೂ ಅಮ್ಮ ರಾಣಿಯ ಹಾಗೆ ಕೂತ್ರು" ಎಂದ ಸುಂದರ. "ಒಂದು ಚೂರು ಕಷ್ಟ ಆಗ್ಲಿಲ್ಲ."

ಪ್ರಫುಲ್ಲಾ ತುಳಸಿಕಟ್ಟೆಯ ಬಳಿ ಮಜ್ಜಿಗೆಯ ತಟ್ಟೆ ಹಿಡಿದು ನಿಂತಿದ್ದಳು. ಗಂಡಸರು ರಜೆಗೆ ಬಂದ ತಿಂಗಳಲ್ಲಿ ಈ ಮನೆಯಲ್ಲಿ ಏನೂ ಕಷ್ಟವಿರುವುದಿಲ್ಲ. ಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ನಾಲ್ಕು ಕೈ, ಗ್ಯಾಸಿನ ಸಿಲಿಂಡರು ತಿರುಗಿಸಲು ಎರಡು ಕೈ. ಅವರು ಮನೆಯನ್ನು ನೋಡುವುದು ಆ ತಿಂಗಳಲ್ಲಿ ಮಾತ್ರ. ಉಳಿದ ತಿಂಗಳುಗಳೂ ಹೀಗೇ ಇರುತ್ತವೆ ಎಂದು ನಂಬಿ ವಿಮಾನ ಹತ್ತುತ್ತಾರೆ. ಕೆಂಪಿಗೂ ಬೂದಿಗೂ ಇರುವ ವ್ಯತ್ಯಾಸ ಇಬ್ಬರು ಎತ್ತಿದಾಗ ಕಾಣುವುದಿಲ್ಲ. ಅದು ಒಬ್ಬಳು ಎತ್ತುವಾಗ ಮಾತ್ರ ಕಾಣುತ್ತದೆ. ಹೇಳಿಬಿಡೋಣ, ಬೂದು ತೆಗೆಯಿರಿ, ಅದಾದರೆ ನಾನೊಬ್ಬಳೇ ಸಾಕು ಎಂದು ಹೇಳೋಣ ಅಂದುಕೊಂಡಳು. ಮಜ್ಜಿಗೆ ಹಂಚುವುದರಲ್ಲಿ ಆ ಹೊತ್ತು ಕಳೆಯಿತು.

ಸುಂದರ ಹೊರಡುವ ಹಿಂದಿನ ದಿನ ಕೋಳಿಪದಾರ್ಥ, ಕೋರಿರೊಟ್ಟಿ. ಕಾರ್ಕಳದವರೂ ಬಂದಿದ್ದರು. ರೇಣುಕವ್ವ ಹಿತ್ತಲಿನಲ್ಲಿ ಪಾತ್ರೆ ಬೆಳಗಿಕೊಡುತ್ತಿದ್ದಳು. ಪಂಕ್ತಿಯಲ್ಲಿ ಮಾತು ಮತ್ತೆ ಕಾರಿನದೇ.

"ಇನ್ನು ರೊಸಾರಿಯೊಗೆ ಫೋನು ಮಾಡುವುದು ತಪ್ಪಿತು" ಎಂದ ಸುಂದರ. "ಪ್ರಫುಲ್ಲಾ ಒಬ್ಬಳೇ ಅಮ್ಮನನ್ನು ಕೂರಿಸಿ ಕರ್ಕೊಂಡು ಹೋಗಿ ಬರ್ತಾಳೆ."

"ಹೌದು, ಆ ರೇಣುಕವ್ವನೂ ಬೇಡ ಇನ್ನು" ಎಂದಳು ಜಲಜಾಕ್ಷಿ, ರೊಟ್ಟಿ ಮುರಿಯುತ್ತ. "ಸ್ವಂತ ಕಾರು ಇರುವಾಗ ಹೊರಗಿನವರು ಯಾಕೆ? ಅಮ್ಮನಿಗೂ ಮುಜುಗರ."

ದೇಜಕ್ಕ ಒಳಗಿನ ಮಂಚದಿಂದ ಏನೋ ಅಂದಳು. ಪಂಕ್ತಿಯಲ್ಲಿ ಕೂತ ಯಾರಿಗೂ ತಿಳಿಯಲಿಲ್ಲ.

"ಅತ್ತಿಗೆ, ಮತ್ತೊಂದು" ಎಂದಳು ಜಲಜಾಕ್ಷಿ. "ಮಣಿಪಾಲಕ್ಕೆ ಹೇಗೂ ಬರ್ತೀರಿ. ಹಾಗೇ ಕಾರ್ಕಳಕ್ಕೆ ಬಂದುಬಿಡಿ ಶುಕ್ರವಾರ ಶುಕ್ರವಾರ. ಅಮ್ಮ ನಮ್ಮಲ್ಲಿ ಒಂದು ಗಳಿಗೆ ಕೂತ ಹಾಗೂ ಆಯ್ತು, ನನ್ನ ಚಾದರ ಎಲ್ಲ ಕೊಟ್ಟ ಹಾಗೂ ಆಯ್ತು. ಕಾರಲ್ಲಿ ಎಂತ ದೂರ?"

"ಮಕ್ಕಳಿಗೆ ಅಜ್ಜಿಯನ್ನು ನೋಡಿದ ಹಾಗೂ ಆಗ್ತದೆ" ಎಂದು ತಾರಾನಾಥ ಸೇರಿಸಿದ.

"ಅಂಗಡಿ ಉಂಟಲ್ಲ ನನಗೆ" ಎಂದಳು ಪ್ರಫುಲ್ಲಾ. ಅವಳು ಬಡಿಸುತ್ತಿದ್ದಳು, ಮಾತು ಸೌಟಿನ ಜೊತೆಗೇ ಬಿದ್ದಿತು.

ಸುಂದರ ತಲೆ ಎತ್ತಿ ನೋಡಿದ. ಸಿಟ್ಟಿರಲಿಲ್ಲ, ಮರುಕವೇ ಇತ್ತು.

"ಅದನ್ನೇ ನಾನು ಹೇಳ್ಬೇಕು ಅಂತಿದ್ದೆ. ಎಷ್ಟು ವರ್ಷ ಮಾರಾಯ್ತಿ, ಬೇರೆಯವರ ರವಿಕೆ ಹೊಲಿಯುವುದು? ಮಹಡಿ ಹತ್ತಿ ಇಳಿದು ಮಾಡುವುದು? ಬಿಟ್ಟುಬಿಡು. ಕಾರು ಉಂಟು, ಅಮ್ಮನನ್ನು ನೋಡಿಕೊಂಡು ಆರಾಮಲ್ಲಿರು. ನಿನಗೆ ಇನ್ನು ಎಂತ ಮಾಡ್ಲಿಕ್ಕುಂಟು?"

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಹಿತ್ತಲಿನಲ್ಲಿ ಪಾತ್ರೆಯ ಸದ್ದು ನಿಂತಿತ್ತು.

ಮರುದಿನ ಬಜ್ಪೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವನು ಟ್ರಾಲಿ ನಿಲ್ಲಿಸಿ ಅವಳತ್ತ ತಿರುಗಿದ. ಕೊನೆಗೂ ಯಾವುದೆಂದು ತೀರ್ಮಾನವಾಗಿರಲಿಲ್ಲ. ತಾರಾನಾಥನ ಮೈಲೇಜು, ತನ್ನ ಪಿಕಪ್ಪು ಎರಡರ ನಡುವೆ ರಜೆ ಮುಗಿದಿತ್ತು. "ನೀನೇ ಆರಿಸು" ಎಂದ. "ಎರಡು ಕಡೆಯೂ ಹೇಳಿಟ್ಟಿದ್ದೇನೆ, ಹೋಗಿ ಒಂದು ಹೇಳು. ಯಾವುದಾದ್ರೂ ನಾನು ಬೇಸರ ಮಾಡುವುದಿಲ್ಲ. ಓಡಿಸುವವಳು ನೀನಲ್ವಾ?" ಮದುವೆಯಾದಂದಿನಿಂದ ಇಷ್ಟು ದೊಡ್ಡದೊಂದನ್ನು ಅವನು ಅವಳ ಕೈಗೆ ಬಿಟ್ಟಿರಲಿಲ್ಲ. ಅವನ ಕಣ್ಣು ತೇವವಾಗಿತ್ತು. ಅವಳದೂ ಆಯಿತು. ಬರುವ ದಾರಿಯಲ್ಲಿ, ಪಡುಬಿದ್ರಿ ದಾಟುವಾಗ, ತನಗೆ ಸಿಕ್ಕಿದ್ದು ಆಯ್ಕೆಯೋ ಕೆಲಸವೋ ಎಂದು ಅವಳಿಗೆ ಸಂಶಯ ಬಂತು.

ಮಂಗಳವಾರ ಮಣಿಪಾಲಕ್ಕೆ ಮತ್ತೆ ರೊಸಾರಿಯೊನ ವ್ಯಾನು. ರೇಣುಕವ್ವ ಬಂದಳು. ಹೂಂ ಎಂದರು, ಎತ್ತಿದರು. ಉದ್ಯಾವರದ ಸೇತುವೆ ಬಂತು. ರೇಣುಕವ್ವ ತಾನಾಗಿ ಕೇಳಿದಳು:

"ಕಾರ್ ಯಾವಾಗ ಬರ್ತೈತ್ರಿ ಅಕ್ಕಾರ?"

"ಇನ್ನೂ ಹೇಳಿಲ್ಲ."

"ಬರ್ಲಿ ಬಿಡ್ರಿ. ನಾ ಆಗ ನಂದಿಕೂರಿಗೆ ಹೋಗ್ತೀನಿ, ಜಲ್ಲಿ ಹೊರಾಕ. ಅಲ್ಲಿ ಹೆಣ್ಮಕ್ಕಳಿಗೂ ಕೆಲಸ ಕೊಡ್ತಾರಂತ. ಜಲ್ಲಿ ಏನು, ನಿಮ್ಮ ಅತ್ತಿ ಹಂಗ ಬೈಯೂದಿಲ್ಲ." ನಕ್ಕಳು. ದೇಜಕ್ಕನ ಬಾಯಿಯ ಬಲತುದಿಯೂ ಸ್ವಲ್ಪ ಏರಿತು. ರೇಣುಕವ್ವನ ಇಂಥ ತಮಾಷೆ ಅವಳಿಗೆ ಅಭ್ಯಾಸವಾಗಿತ್ತು.

ಅಂದು ಸಂಜೆ ಮೈ ಒರೆಸುವಾಗ ದೇಜಕ್ಕ ಪ್ರಫುಲ್ಲಾಳ ಮಣಿಕಟ್ಟು ಹಿಡಿದಳು. ಅವಳ ಮಾತು ಪೂರ್ತಿಯಾಗಿ ತಿಳಿಯುತ್ತಿದ್ದದ್ದು ಸೊಸೆಗೆ ಮಾತ್ರ.

"ಕಾರು... ನೋವಾಗದ್ದು... ತೆಗೆ."

"ಆಯ್ತು ಅತ್ತೆ."

"ನೀನು... ಒಬ್ಬಳೇ... ಎತ್ತಿದ್ರೆ ನನಗೆ... ಹೆದರಿಕೆ ಇಲ್ಲ."

ಪ್ರಫುಲ್ಲಾ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದಳು. ಮತ್ತೆ ಅದ್ದಿ ಹಿಂಡಿದಳು. ಮುದುಕಿ ನಂಬಿಕೆಯಿಂದ ಅಂದ ಮಾತು. ಇದೇ ಮನೆಯಲ್ಲಿ ಇದೇ ಮುದುಕಿ ಒಂದು ಕಾಲಕ್ಕೆ ಗದ್ದೆಕೊಯ್ಲಿಗೆ ಇಪ್ಪತ್ತು ಆಳಿಗೆ ಒಬ್ಬಳೇ ಬೇಯಿಸಿ ಹಾಕಿದವಳು. ಒಬ್ಬಳೇ ಎಂಬುದನ್ನು ಬಹುಮಾನದ ಹಾಗೆ ಹೇಳಿಕೊಂಡವಳು. ಅದೇ ಬಹುಮಾನವನ್ನು ಈಗ ಸೊಸೆಗೆ ಕೊಡುತ್ತಿದ್ದಳು.

ಆ ವಾರವೆಲ್ಲ ಪ್ರಫುಲ್ಲಾ ಅಂಗಡಿಯಲ್ಲಿ ಮೆಷಿನು ತುಳಿಯುತ್ತ ಯೋಚಿಸಿದಳು. ಬೂದು ಬಂದರೆ ಬೆನ್ನಿಗೆ ಸುಖ. ಅತ್ತೆಗೆ ಸುಖ. ಲಾರಿ ದಾಟುವ ಸುಖವೂ ಉಂಟು. ಆದರೆ ಒಬ್ಬಳಿಂದ ಆಗುತ್ತದೆ ಎಂದು ಒಮ್ಮೆ ಗೊತ್ತಾದ ಕೆಲಸಕ್ಕೆ ಈ ಮನೆ ಎರಡನೆಯವಳನ್ನು ಎಂದೂ ಕಳಿಸಿದ್ದಿಲ್ಲ. ಕೊರಪೊಲು ಹೋದವಳು ಮತ್ತೆ ಬರಲಿಲ್ಲ. ರೇಣುಕವ್ವನೂ ಹಾಗೇ ಹೋಗುತ್ತಾಳೆ. ಆಮೇಲೆ ಶುಕ್ರವಾರ ಕಾರ್ಕಳ, ಆಮೇಲೆ ಚಾದರ, ಆಮೇಲೆ ಈ ಮಹಡಿಯ ಅಂಗಡಿಗೆ ಬೀಗ. ಯಾರೂ ಬಲವಂತ ಮಾಡುವುದಿಲ್ಲ. ಎಲ್ಲರೂ ಅವಳಿಗೆ ಸುಲಭವಾಯಿತು ಎಂದೇ ಹೇಳುತ್ತಾರೆ, ಅದು ನಿಜವೂ ಆಗಿರುತ್ತದೆ.

ಕೆಂಪಿಗೆ ಇಬ್ಬರು ಬೇಕು. ಪ್ರತಿ ಸಲವೂ ಬೇಕು. "ಒಬ್ಬಳಿಂದ ಆಗುವುದಿಲ್ಲ" ಎಂದು ಅವಳು ಫೋನಿನಲ್ಲಿ ಹೇಳಬಹುದು. ನಂಬದಿದ್ದರೆ ಜಲಜಾಕ್ಷಿ ಬಂದು ಎತ್ತಿ ನೋಡಲಿ. ಆದರೆ ಎರಡನೆಯವಳಿಗೆ ಅವರು ಒಪ್ಪದಿದ್ದರೆ? "ಹೇಗೋ ಮಾಡು" ಎಂದರೆ? ಆಗ ಜಗ್ಗುವುದು ಮುದುಕಿಯ ಭುಜ, ತನ್ನ ಸೊಂಟ. ಮುದುಕಿಯ ಆ ಪ್ರಾಣಿಯಂಥ ಸದ್ದು ಅವಳ ಕಿವಿಯಲ್ಲಿತ್ತು. ಮೆಷಿನಿನ ಸೂಜಿ ಎರಡು ಸಲ ಮುರಿಯಿತು.

ಶನಿವಾರ ಅಸ್ತರಿನ ಬಟ್ಟೆ ತರಲೆಂದು ಉಡುಪಿಗೆ ಬಸ್ಸಿನಲ್ಲಿ ಹೋದಳು. ದೇಜಕ್ಕನ ಬಳಿ ರೇಣುಕವ್ವ ಕೂತಿದ್ದಳು. ಶೋರೂಮುಗಳ ಸ್ಟಾಪಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು, ಹೆದ್ದಾರಿಯಲ್ಲಿ ಮೀನಿನ ಲಾರಿಗಳ ನೀರು ಸುರಿದು ಡಾಂಬರು ನಾರುತ್ತಿತ್ತು. ಗಾಜಿನ ಹಿಂದೆ ಆಂಜೆಲಾ ಅವಳನ್ನು ಗುರುತಿಸಿ ಕೈಬೀಸಿದಳು, ಬಾಗಿಲು ತೆರೆದು ಹೊರಗೇ ಬಂದಳು.

"ಬನ್ನಿ ಅಕ್ಕ! ನಿಮ್ಮ ಗಾಡಿ ಒಳಗೇ ಉಂಟು, ಸೋಮವಾರವೇ ಕೊಡಬಹುದು. ಅತ್ತೆ ಹೇಗಿದ್ದಾರೆ?"

"ಇದ್ದಾರೆ."

"ನಾನು ಮನೆಯಲ್ಲಿ ಮಮ್ಮಿಗೆ ಹೇಳಿದೆ, ಒಬ್ಬರು ಅಕ್ಕ ನನ್ನನ್ನು ಮಗುವಿನ ಹಾಗೆ ಎತ್ತಿ ಕೂರಿಸಿದ್ರು ಅಂತ."

ಅವಳ ಹಿಂದೆ ಬೂದು ಕಾರು ಬಾಗಿಲು ತೆರೆದುಕೊಂಡೇ ನಿಂತಿತ್ತು. ಸೀಟು ಸೊಂಟದ ಮಟ್ಟಕ್ಕೆ. ಪ್ರಫುಲ್ಲಾ ಅದನ್ನು ನೋಡಿದಳು. ಒಳಗೆ ಹೋಗಿ ಸ್ಟೀರಿಂಗಿನ ಮೇಲೆ ಕೈ ಇಟ್ಟುನೋಡುವ ಆಸೆಯಾಯಿತು. ಇಟ್ಟರೆ ಮತ್ತೆ ತೆಗೆಯಲಾರೆ ಎಂದು ಗೊತ್ತಿತ್ತು.

"ನನಗೆ ಇದು ಬೇಡ ಆಂಜೆಲಾ."

"ಯಾಕಕ್ಕ? ಇದೇ ಅಲ್ವಾ ನಿಮಗೆ ಸುಲಭ ಆದದ್ದು?"

"ಹೌದು" ಎಂದಳು ಪ್ರಫುಲ್ಲಾ.

ಲಾರಿಯೊಂದು ಹೋಗುವವರೆಗೆ ಕಾದು ರಸ್ತೆ ದಾಟಿದಳು. ಆಚೆಯ ಶೋರೂಮಿನ ಹುಡುಗ ಮೇಜಿನ ಹಿಂದಿನಿಂದ ಎದ್ದು ನಿಂತ.

"ಕೆಂಪು" ಎಂದಳು.

"ಗೊತ್ತಿತ್ತು ನನಗೆ" ಎಂದು ಅವನು ನಕ್ಕ. "ನಿಮ್ಮವರಿಗೆ ಇದರ ಮೇಲೇ ಮನಸ್ಸು. ಅವರ ಮಾತು ಮೀರ್ತೀರಾ ನೀವು?"

ಅವಳು ಕುರ್ಚಿ ಎಳೆದುಕೊಂಡು ಕೂತಳು, ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದಳು.